ಕತ್ರಿ ಇರೋ ತನಕ ಸ್ಕ್ಯಾನರ್ ಏನ್ ಮಾಡ್ತದ್ರಿ

ಹೋದ ತಿಂಗಳು ಒಂದಿನ ಮುಂಜಾನಿ ನಮ್ಮ ಮೆಡಿಕಲ್ ಅಂಗಡಿ ಶಟರ್ ಎತ್ತಿ ದೇವರಿಗಿ ಊದಿನಕಡ್ಡಿ ಹಚ್ಲತ್ತಿದ್ದೆ, ಅಷ್ಟರಾಗ ಕಮಲಾಪುರ ಕಡಿಂದ ಒಬ್ಬಾಕಿ ಆಯಿ ಬಂದು ಕೌಂಟರ್ ಮುಂದ ನಿಂತ್ಳು. ಸೆರಗಿನ ಗಂಟು ಬಿಚ್ಚಿ ಒಂದು ಬೆಳ್ಳಿ ಹಾಳಿ ಚೂರು ತೆಗದು ಗ್ಲಾಸಿನ ಮ್ಯಾಲ ಇಟ್ಟು, "ಯಪ್ಪಾ, ಇದೇ ಕೊಡು, ಹದಿನೈದು ದಿನಕ್ಕ ಆಗೋವಷ್ಟು" ಅಂದ್ಳು. ಚೂರು ಅಂದ್ರ ಹೆಬ್ಬಟ್ಟಿನಷ್ಟು, ಎರಡು ಗುಳಗಿ ಇದ್ದ ಖಾಲಿ ಮನಿ. ಹಿಂದ ಇಂಗ್ಲಿಷಿನಾಗ ಹೆಸರಿನ ಬಾಲ ಅಷ್ಟೇ ಉಳದಿತ್ತು, 'ಡಿಪಿನ್', ಬಾಜೂಕ 5 ಅಂತ. ಬಿಪಿ ಗುಳಗಿ ಅನ್ನೋದು ಗೊತ್ತಾಯ್ತು, ಆದ್ರ ಅಮ್ಲೋಡಿಪಿನ್ ಏನು ಸಿಲ್ನಿಡಿಪಿನ್ ಏನು? ಎರಡೂ ಬಿಪಿಗೇ, ಎರಡೂ 5 ಮಿಗ್ರಾಂದಾಗ ಬರ್ತಾವ. ಯಾವ ಸಲ ತಯಾರಾದ ಮಾಲು ಅಂತ ಹೇಳೋ ಬ್ಯಾಚ್ ನಂಬರ್ ಇಲ್ಲ, ಎಕ್ಸ್‌ಪೈರಿ ಇಲ್ಲ, ಕಂಪ್ನಿ ಹೆಸರಿಲ್ಲ. ಕ್ಯೂಆರ್ ಕೋಡ್ ಅಂತೂ ಕೇಳಲೇಬ್ಯಾಡ್ರಿ.

ಮಜಾ ಏನಂದ್ರ ಆ ಗುಳಗಿ ಫ್ಯಾಕ್ಟರಿ ಬಿಟ್ಟು ನಮಗ ಹೋಲ್‌ಸೇಲ್ ಮಾಲು ಕೊಡೋ ಕಲಬುರಗಿ ಸ್ಟಾಕಿಸ್ಟ್ ಗೋಡೌನ್ ಮುಟ್ಟೋ ತನಕ ಹೆಜ್ಜಿ ಹೆಜ್ಜಿಗೂ ಕಂಪ್ಯೂಟರಿನಾಗ ಅದ. ಕಂಪ್ನಿ ಇನ್‌ವಾಯ್ಸ್, ಕಂಪ್ನಿ ಮಾಲು ಇಟ್ಟು ಕಳಸೋ ಸಿ ಆ್ಯಂಡ್ ಎಫ್ ಏಜೆಂಟನ ಎಂಟ್ರಿ, ಸ್ಟಾಕಿಸ್ಟ್ ಬಿಲ್, ಅಲ್ಲಿಂದ ನನ್ನ ಪರ್ಚೇಸ್, ಎಲ್ಲಾದ್ರಾಗೂ ಬ್ಯಾಚ್ ನಂಬರ್ ಸಮೇತ. ಸಾವಿರಗಟ್ಲೆ ಕಿಲೋಮೀಟರ್ ಎಲ್ಲಾ ಬರೋಬರಿ ಬಂದು, ಕೊನಿ ಮೂರು ಫೂಟಿನಾಗ, ಅಂದ್ರ ನನ್ನ ಕೌಂಟರ್ ಈ ಕಡಿಂದ ಆ ಕಡಿಗಿ ಹೋಗೋದ್ರಾಗ ಗುಳಗಿ ಹಾಳಿಗಿ ಕತ್ರಿ ಬೀಳ್ತದ, ಅಲ್ಲಿಗಿ ಖಲಾಸ್.

ನಮ್ದು ಹಳೀ ಮೆಡಿಕಲ್ ಅಂಗಡಿ, ಅಪ್ಪಾಜಿ ಚಾಲೂ ಮಾಡಿದ್ದು. ಅವರ ಕಾಲದಾಗ ಒಂದು ಉದ್ದನ ನೋಟ್‌ಬುಕ್ ಇರ್ತಿತ್ತು, ಶಾರ್ಟ್ ಬುಕ್ ಅಂತಿದ್ರು, ರ‍್ಯಾಕಿನಾಗ ಯಾವ ಮಾಲು ಮುಗೀತದ ಅದನ್ನ ಅದ್ರಾಗ ಬರೀಬೇಕು. ಮಧ್ಯಾಹ್ನ ಸ್ಟಾಕಿಸ್ಟ್ ಹುಡುಗ ಲೂನಾ ಮ್ಯಾಲ ಬಂದು, ನಿಂತಲ್ಲೇ ಚಾ ಕುಡದು, ಆರ್ಡರ್ ಬರ್ಕೊಂಡು ಹೋಗ್ತಿದ್ದ. ಆಮ್ಯಾಲ ಲ್ಯಾಂಡ್‌ಲೈನ್ ಬಂತು, ಆಮ್ಯಾಲ ವಾಟ್ಸ್ಆ್ಯಪ್, ಈಗ ಆರ್ಡರ್ ಮಾಡೋ ಆ್ಯಪ್. ನಾಕೈದು ಸ್ಟಾಕಿಸ್ಟರ ಹಂತ್ಯಾಕ ಯಾವ ಮಾಲು ಅದ, ಯಾರು ಹತ್ತಕ್ಕ ಒಂದು ಫ್ರೀ ಕೊಡ್ಲತ್ತಾರ, ಎಲ್ಲಾ ಒಂದೇ ಸ್ಕ್ರೀನಿನಾಗ ಕಾಣಸ್ತದ. ಬಿಲ್ ಫೈಲ್ ಸೀದಾ ನನ್ನ ಸಾಫ್ಟ್‌ವೇರಿನಾಗ ಬಂದು ಕುಂದರ್ತದ, ಒಂದೊಂದು ಬ್ಯಾಚ್ ನಂಬರ್ ಕೈಲೆ ಟೈಪ್ ಮಾಡೋ ಗೋಳು ಭಾಳಷ್ಟು ತಪ್ಪ್ಯದ. ಇದರಿಂದ ಛಲೋ ಆಗ್ಯದ, ಅದ್ರಾಗ ಎರಡು ಮಾತಿಲ್ಲ, ನಾ ಏನ್ ಕಂಪ್ಯೂಟರ್ ವೈರಿ ಅಲ್ಲ.

ಇನ್ನ ಕ್ಯೂಆರ್ ಕೋಡಿನ ಕಥಿ. 2022ರ ನವೆಂಬರಿನಾಗ ಕೇಂದ್ರ ಸರ್ಕಾರ ಡ್ರಗ್ಸ್ ರೂಲ್ಸ್‌ನಾಗ ಶೆಡ್ಯೂಲ್ ಎಚ್2 ಅಂತ ಹೊಸಾ ಪಟ್ಟಿ ಸೇರಿಸ್ತು. 2023ರ ಆಗಸ್ಟ್ 1ರಿಂದ ತಯಾರಾಗೋ 300 ಬ್ರ್ಯಾಂಡಿನ ಔಷಧದ ಮ್ಯಾಲ ಬಾರ್‌ಕೋಡ್ ಇಲ್ಲಾ ಕ್ಯೂಆರ್ ಕೋಡ್ ಇರಲೇಬೇಕು ಅಂತ. ಡೋಲೋ, ಕ್ಯಾಲ್ಪಾಲ್, ಅಲೆಗ್ರಾ, ಇಂಥ ದಿನಾ ಓಡೋ ಮಾಲೇ ಆ ಪಟ್ಟಿನಾಗ ಅವ. ಸ್ಕ್ಯಾನ್ ಮಾಡಿದ್ರ ಔಷಧದ ಹೆಸರು, ಬ್ರ್ಯಾಂಡ್, ಕಂಪ್ನಿ ಹೆಸರು ವಿಳಾಸ, ಬ್ಯಾಚ್, ತಯಾರಾದ ತಾರೀಖು, ಎಕ್ಸ್‌ಪೈರಿ, ಲೈಸೆನ್ಸ್ ನಂಬರ್ ಬರ್ಬೇಕು. ಪರದೇಶಕ್ಕ ಹೋಗೋ ನಮ್ದೇ ಮಾಲಿಗಿ ಬಾರ್‌ಕೋಡ್ ರೂಲು 2011ರಾಗೇ ಶುರು ಆಗಿತ್ತು ನೋಡ್ರಿ, ನಮ್ಮ ಮಂದಿಗಿ ಬರ್ಲಾಕ ಇನ್ನ ಹನ್ನೆರಡು ವರ್ಷ ಹಿಡೀತು. ಇರ್ಲಿ, ಬಂತಲ್ಲ.

ಆದ್ರ ಆ ರೂಲಿನಾಗ ಒಂದು ಸಣ್ಣ ಸಾಲು ಅದ. ಸ್ಟ್ರಿಪ್ ಮ್ಯಾಲ ಜಾಗ ಸಾಲಲಿಲ್ಲಂದ್ರ ಹೊರಗಿನ ಡಬ್ಬಿ ಮ್ಯಾಲ ಹಾಕ್ಬಹುದು. ಡಬ್ಬಿ ಏನಾಗ್ತದ ಅಂಗಡ್ಯಾಗ ಕುಂತವರಿಗಿ ಗೊತ್ತದ. ಮಾಲು ಬಂದ ದಿನಾನೇ ಹರದು ಸ್ಟ್ರಿಪ್ ರ‍್ಯಾಕಿಗಿ, ಡಬ್ಬಿ ರದ್ದಿಗಿ. ಇನ್ನ ಸ್ಟ್ರಿಪ್ ಮ್ಯಾಲೇ ಇದ್ರೂ ಅದು ಒಂದೇ ಕಡಿ ಇರ್ತದ. ಹತ್ತು ಗುಳಗ್ಯಾಗ ನಾಕು ಕತ್ತರಿಸಿ ಕೊಟ್ರ ಕೋಡು ಒಂದೋ ನನ್ನ ಹಂತ್ಯಾಕ ಉಳೀತದ ಇಲ್ಲಾ ಗಿರಾಕಿ ಜೋಡಿ ಹೋಗ್ತದ, ಇಬ್ಬರ ಕಡಿ ಅಂತೂ ಇರಲ್ಲ. ಮತ್ತ ನಮಗ ಕಲಿಸಿದ್ದು ಏನು? ಮೊದಲನೇ ದಿನಾನೇ ಅಪ್ಪಾಜಿ ಹೇಳಿದ್ರು, ಎಕ್ಸ್‌ಪೈರಿ ಛಾಪಿಸಿದ ಕಡಿಂದ ಕತ್ರಿ ಹಾಕ್ಬ್ಯಾಡ, ಅದನ್ನ ಕೊನಿಗಿ ಉಳಿಸು ಅಂತ. ಅದು ಬರೋಬರಿನೇ, ಅಂಗಡ್ಯಾಗ ಉಳದ ತುಂಡು ಯಾವಾಗಿಂದು ಅಂತ ನಮಗ ಗೊತ್ತಿರ್ಬೇಕಲ್ಲ. ಆದ್ರ ಅದರ ಅರ್ಥ, ಮೊದಲ ಒಯ್ದವರು ಎಲ್ಲಾರೂ ಹೆಸರಿಲ್ಲದ ಗುಳಗಿ ಒಯ್ತಾರ.

ಯುರೋಪಿನಾಗ 2019ರ ಫೆಬ್ರವರಿ 9ರಿಂದ ಡಾಕ್ಟರ್ ಚೀಟಿ ಮ್ಯಾಲ ಕೊಡೋ ಔಷಧದ ಒಂದೊಂದು ಡಬ್ಬಿಗೂ ಬ್ಯಾರೆ ಬ್ಯಾರೆ ನಂಬರ್, ಕೊಡೋಮುಂದ ಅಂಗಡಿಯವ ಸ್ಕ್ಯಾನ್ ಮಾಡ್ತಾನ, ಆ ನಂಬರ್ ಅಲ್ಲಿಗಿ ರದ್ದು, ಅದೇ ನಂಬರ್ ಮತ್ತ ಇನ್ನೊಂದು ಕಡಿ ಬಂದ್ರ ಗಂಟಿ ಬಾರಸ್ತದ, ನಕಲಿ ಸಿಕ್ಕಿಬೀಳ್ತದ. ನಮ್ಮ ಎಚ್2 ರೂಲಿನಾಗ ಅಂಗಡಿಯವ ಸ್ಕ್ಯಾನ್ ಮಾಡಿ ತಾಳೆ ನೋಡ್ಬೇಕು ಅಂತ ಇಲ್ಲ. ಕೋಡು ಅದ, ಓದೋದು ಗಿರಾಕಿ ಖುಷಿ. ಛಪ್ಪಾ ಹೊಡೆಯೋ ಕಳ್ಳಗ ಸ್ಟ್ರಿಪ್ಪೇ ಬರೋಬರಿ ಛಪ್ಪಾ ಹೊಡಿಲಾಕ ಬಂದ್ರ ಆ ಚೌಕ ಏನ್ ದೊಡ್ಡದು? ಅದಿರ್ಲಿ, ನಾ ಹೇಳ್ಲತ್ತಿದ್ದು ಬ್ಯಾರೆ. ಯುರೋಪಿನ ಆ ಪೂರಾ ಏರ್ಪಾಡು ನಿಂತಿದ್ದು ಸೀಲ್ ಒಡೀಲಾರದ ಡಬ್ಬಿ ಮ್ಯಾಲ. ಅಮೆರಿಕಾದಾಗ ಡಬ್ಬಿ ಒಡದು ಎಣಿಸಿ ಕೊಡ್ತಾರ, ಖರೇ, ಆದ್ರ ರೋಗಿ ಹೆಸರು ಔಷಧದ ಹೆಸರು ಛಾಪಿಸಿದ ಲೇಬಲ್ ಹಚ್ಚಿದ ಸಣ್ಣ ಡಬ್ಬ್ಯಾಗ ಹಾಕಿ ಕೊಡ್ತಾರ. ನಮ್ದು ಹಾಳಿಗಿ ಕತ್ರಿ, ಮ್ಯಾಲ ಒಂದು ರಬ್ಬರ್ ಬ್ಯಾಂಡ್.

ಕತ್ತರಿಸಬ್ಯಾಡ್ರಿ ಅಂತ ಹೇಳೋದು ಸುಲಭ. ಗೌಂಡಿ ಕೆಲಸಕ್ಕ ಹೋಗೋ ಅಣ್ಣ ಸಂಜಿಕಿ ಕೂಲಿ ತಗೊಂಡು ಸೀದಾ ಅಂಗಡಿಗಿ ಬಂದು "ಎರಡು ದಿನದ್ದು ಕೊಡ್ರಿ ಸಾವ್ಕಾರ್ರೆ, ಕಮ್ಮಿ ಆಗ್ಲಿಲ್ಲಂದ್ರ ಮತ್ತ ಬರ್ತೀನಿ" ಅಂದ್ರ ಪೂರಾ ಸ್ಟ್ರಿಪ್ ಒಯ್ಯಿ ಅಂತ ಯಾವ ಬಾಯಿಲೆ ಹೇಳ್ಲಿ? ಹಂಗ ಹೇಳೋ ಅಂಗಡಿಗಳೂ ಅವ, ಅವರ ಮ್ಯಾಲ ಮಂದಿ ತಕರಾರು ಕೊಟ್ಟು ಕೊಟ್ಟೇ 2023ರಾಗ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖಿಯವರು ಕಂಪ್ನಿಗಳ ಜೋಡಿ ಕುಂತು ಮಾತಾಡಿದ್ರು, ಒಂದೊಂದು ಗುಳಗಿ ಹರಕೊಳ್ಳೋ ಹಂಗ ತೂತಿನ ಗೆರಿ ಹಾಕ್ರಿ, ಎಲ್ಲಾ ತುಂಡಿನ ಮ್ಯಾಲೂ ತಾರೀಖು ಬರೀರಿ ಅಂತ. ನನ್ನ ಕೇಳಿದ್ರ ಕ್ಯೂಆರ್ ಕಿಂತ ಮೊದಲ ಅದು ಆಗ್ಬೇಕಿತ್ತು. ಪ್ರತಿ ಗುಳಗಿ ಬೆನ್ನಿಗಿ ಹೆಸರು, ಎಕ್ಸ್‌ಪೈರಿ. ಮೊಬೈಲ್ ಬ್ಯಾಡ, ನೆಟ್ವರ್ಕ್ ಬ್ಯಾಡ, ಓದ್ಲಾಕ ಬರೋ ಮೊಮ್ಮಗ ಒಬ್ಬ ಇದ್ರ ಸಾಕು.

ಕತ್ತರಿಸಿ ಉಳದ ತುಂಡುಗಳಿಗೇ ಅಂತ ನಮ್ಮ ಅಂಗಡ್ಯಾಗ ಒಂದು ಹಳೀ ಬಿಸ್ಕಿಟ್ ಡಬ್ಬಿ ಅದ. ಕಂಪ್ಯೂಟರಿನಾಗ ಸ್ಟಾಕ್ ನೋಡಿದ್ರ ಮೂರು ಸ್ಟ್ರಿಪ್ ಏಳು ಗುಳಗಿ ಅಂತ ತೋರಸ್ತದ, ಡಬ್ಬ್ಯಾಗ ಕೈ ಹಾಕಿದ್ರ ನಾಕು ಒಂದು ಕಡಿ, ಎರಡು ಇನ್ನೊಂದು ಕಡಿ, ಒಂದು ಎಲ್ಲಿ ಹೋಯ್ತೋ ಆ ಶರಣಬಸಪ್ಪಗೇ ಗೊತ್ತು. ವರ್ಷದ ಕೊನಿಗಿ ಸ್ಟಾಕ್ ತಾಳೆ ಹಾಕೋಮುಂದ ನನಗೂ ಕೆಲಸದ ಹುಡುಗಗೂ ಜಗಳ ಆಗೋದು ಈ ಡಬ್ಬಿ ಸಲವಾಗೇ. ಮತ್ತ ಎಕ್ಸ್‌ಪೈರಿ ಆದ್ರ ಪೂರಾ ಸ್ಟ್ರಿಪ್ ಸ್ಟಾಕಿಸ್ಟ್ ವಾಪಸ್ ತಗೋತಾನ, ತಿಂಗಳಗಟ್ಲೆ ಓಡಾಡ್ಸಿ ಕ್ರೆಡಿಟ್ ನೋಟ್ ಕೊಡ್ತಾನ, ತುಂಡು ಮಾತ್ರ ತಗೊಳಲ್ಲ. ಅದು ನನ್ನ ಹೊಟ್ಟಿಗೇ.

2025ರ ಸೆಪ್ಟೆಂಬರ್-ಅಕ್ಟೋಬರಿನಾಗ ಕೆಮ್ಮಿನ ಸಿರಪ್ ಕುಡದು ಮಧ್ಯಪ್ರದೇಶದ ಛಿಂದ್ವಾಡಾದಾಗ ಸಣ್ಣ ಮಕ್ಕಳು ಸತ್ತದ್ದು ನಿಮಗ ನೆನಪಿರ್ಬಹುದು. ಕೋಲ್ಡ್ರಿಫ್, ಬ್ಯಾಚ್ ಎಸ್‌ಆರ್-13. ತಮಿಳುನಾಡಿನ ಲ್ಯಾಬಿನಾಗ ಅದ್ರಾಗ ಡೈಎಥಿಲೀನ್ ಗ್ಲೈಕಾಲ್ ಶೇ. 48.6ರಷ್ಟು ಸಿಕ್ತು, ಅಂದ್ರ ಹೆಚ್ಚುಕಮ್ಮಿ ಅರ್ಧ ಬಾಟ್ಲಿ ವಿಷ. ಆ ಬ್ಯಾಚಿನ ಸುದ್ದಿ ಇದ್ದ ಪಿಡಿಎಫ್ ನಮ್ಮ ಕೆಮಿಸ್ಟ್ ಗ್ರೂಪಿನಾಗ ಬಂದಾಗ ರಾತ್ರಿ ಊಟಕ್ಕ ಕುಂತಿದ್ದೆ. ಎದ್ದು ಅಂಗಡಿಗಿ ಬಂದು ಸಾಫ್ಟ್‌ವೇರಿನಾಗ ಬ್ಯಾಚ್ ಹುಡಕಿದೆ, ಒಂದು ಸೆಕೆಂಡಿನಾಗ ಉತ್ತರ, ಇಲ್ಲ. ಅಪ್ಪಾಜಿಗಿ ಹೇಳಿದೆ. ಅವರು "ರ‍್ಯಾಕ್ ನೋಡ್ದಿಯೇನು?" ಅಂದ್ರು. ಕಂಪ್ಯೂಟರಿನಾಗ ಇಲ್ಲರಿ ಅಂದೆ. "ನಾ ಕೇಳಿದ್ದು ರ‍್ಯಾಕ್."

ನೋಡಿದೆ. ಒಂದೊಂದೇ ಸಿರಪ್ ಬಾಟ್ಲಿ ಕೈಯಾಗ ಹಿಡದು. ಆ ಮಾಲು ಇರಲಿಲ್ಲ, ನಮ್ಮ ಅಂಗಡಿಗಿ ಅದು ಬಂದೇ ಇದ್ದಿಲ್ಲ. ಆದ್ರ ಬ್ಯಾರೆ ಒಂದು ಕಂಪ್ನಿ ಸಿರಪ್ ಸಿಕ್ತು, ಬಾಟ್ಲಿ ಮ್ಯಾಲಿನ ಬ್ಯಾಚ್ ಒಂದು, ನನ್ನ ಕಂಪ್ಯೂಟರಿನಾಗಿಂದು ಒಂದು. ಯಾಕಂದ್ರ ಸಣ್ಣ ಸ್ಟಾಕಿಸ್ಟ್ ಒಬ್ಬ ಇನ್ನೂ ಹಾಳಿ ಬಿಲ್ಲೇ ಕೊಡ್ತಾನ, ಅದನ್ನ ಕೈಲೆ ಹೊಡೀಬೇಕು, ಇಂಗ್ಲಿಷಿನ 'ಓ' ಅಕ್ಷರ ಇದ್ದಲ್ಲಿ ಸೊನ್ನಿ ಹೊಡದಿತ್ತು. ಹೊಡದವ ಯಾರು ಅಂತ ಲಾಗಿನ್ ನೋಡಿದೆ, ನಾನೇ. ಆ ಸಿರಪ್ಪಿಗಿ ಏನೂ ಆಗಿರಲಿಲ್ಲ, ಆದ್ರ ಆ ಬ್ಯಾಚೇ ಕೆಟ್ಟದ್ದಿದ್ದು ಅದರ ಪಿಡಿಎಫ್ ಬಂದಿದ್ರ? ಒಂದು ಸೆಕೆಂಡಿನಾಗ 'ಇಲ್ಲ' ಅಂತ ಉತ್ತರ ಬಂದು ನಾ ಹಾಯಾಗಿ ಮನಿಗಿ ಹೋಗಿ ರೊಟ್ಟಿ ಉಣ್ತಿದ್ದೆ. ಆ ರಾತ್ರಿ ನಿದ್ದಿ ಬರ್ಲಿಲ್ಲ ಖರೇ ಹೇಳ್ತೀನಿ.

ಇನ್ಸುಲಿನ್ ಮಾತೂ ಹೇಳ್ಬೇಕು. ಅದನ್ನ 2ರಿಂದ 8 ಡಿಗ್ರಿ ನಡುವ ಇಡ್ಬೇಕು, ಬರ್ಫ್ ಆಗಬಾರ್ದು, ಕಾಯಬಾರ್ದು. ನಮ್ಮ ಕಲಬುರಗಿ ಮೇ ತಿಂಗಳು ನಿಮಗ ಹೇಳೋದೇನು, 43, 44 ಅಂದ್ರ ಇಲ್ಲಿ ಸುದ್ದಿನೂ ಅಲ್ಲ. ಒಂದ್ಸಲ ಬೇಸಗ್ಯಾಗ ಥರ್ಮಾಕೋಲ್ ಡಬ್ಬಿ ಬಂತು, ಆ್ಯಪಿನಾಗ ಡಿಸ್ಪ್ಯಾಚ್ಡ್, ಔಟ್ ಫಾರ್ ಡೆಲಿವರಿ, ಡೆಲಿವರ್ಡ್, ಎಲ್ಲಾ ಹಸಿರು. ಡಬ್ಬಿ ಬಿಚ್ಚಿದ್ರ ಜೆಲ್ ಪ್ಯಾಕ್ ನೀರ್ ನೀರ್ ಆಗಿ ಬೆಚ್ಚಗಿತ್ತು, ಹೊತ್ತು ತಂದ ಹುಡುಗ ನಡುವ ಊಟಕ್ಕ ಹೋಗಿದ್ನಂತ, ಗಾಡಿ ಬಿಸಲಾಗ ನಿಲ್ಲಿಸಿ. ಎಷ್ಟು ತಾಸು, ಎಷ್ಟು ಡಿಗ್ರಿ? ಯಾವ ಸ್ಕ್ರೀನಿನಾಗೂ ಇಲ್ಲ. ವಾಪಸ್ ಕಳಿಸಿದೆ, ಅವರು ತಗೊಳ್ಳಲ್ಲ ಅಂದ್ರು, ಒಂದು ವಾರ ಫೋನಿನಾಗ ಜಗಳ. ಅದೇ ಸರ್ಕಾರಿ ಲಸಿಕಿಗಿ 2015ರಿಂದ ಇ-ವಿನ್ ಅಂತ ಶುರು ಮಾಡ್ಯಾರ, ಫ್ರಿಜ್ಜಿನಾಗ ಸಿಮ್ ಇರೋ ಡಬ್ಬಿ ಕುಂತು ಉಷ್ಣತೆ ಕಳಸ್ತಿರ್ತದ, ಏರಿದ್ರ ಮೊಬೈಲಿಗಿ ಮೆಸೇಜು ಬರ್ತದ. ಪಿಎಚ್‌ಸಿ ಫ್ರಿಜ್ಜಿಗಿ ಅದ, ಸಾವಿರಾರು ರೂಪಾಯಿ ಇನ್ಸುಲಿನ್ ಹೊತ್ತ ಆ ಥರ್ಮಾಕೋಲಿಗಿ ಇಲ್ಲ. ಸರ್ಕಾರದವರು ಖಾಸಗಿಯವರಕಿಂತ ಮುಂದ ಇರೋ ಜಾಗ ಹುಡಕಿದ್ರ ಸಿಗ್ತಾವ ನೋಡ್ರಿ.

2025ರ ಸೆಪ್ಟೆಂಬರ್ 22ಕ್ಕ ಔಷಧದ ಜಿಎಸ್‌ಟಿ 12ರಿಂದ 5ಕ್ಕ ಇಳೀತಲ್ಲ, ಆವಾಗೂ ಹಿಂಗೇ. ಸಾಫ್ಟ್‌ವೇರ್ ಒಂದೇ ರಾತ್ರ್ಯಾಗ ಬದಲಾಯ್ತು, ಸ್ಟ್ರಿಪ್ ಮ್ಯಾಲ ಹಳೀ ರೇಟೇ ಇತ್ತು, ಕಡಿಮಿ ಬಿಲ್ ಮಾಡಿ ಕೊಟ್ರ ಒಬ್ಬ ಕಾಕಾ ಅನುಮಾನದಲೆ "ಯಾಕ, ಡೇಟ್ ಮುಗದದೇನು?" ಅಂದಿದ್ರು.

ಇರ್ಲಿ, ಆಯಿ ಮಾತಿಗಿ ಬರ್ತೀನಿ. ಮಗನ ಮೊಬೈಲ್ ನಂಬರ್ ಕೇಳಿ ಫೋನ್ ಹಚ್ಚಿದೆ, ಚೀಟಿ ಫೋಟೋ ವಾಟ್ಸ್ಆ್ಯಪಿಗಿ ಬಂತು, ಅಮ್ಲೋಡಿಪಿನ್ ಅಂತ ಖಾತ್ರಿ ಆದ ಮ್ಯಾಲೇ ಕೊಟ್ಟೆ. ಆವತ್ತೇ ನಮ್ಮೂರ ಸೂಪರ್ ಮಾರ್ಕೆಟ್ ಬಜಾರ್ ಕಡಿ ಹೋಗಿ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸ್ಕೊಂಡು ಬಂದೆ, ಹೆಸರು, ಬ್ಯಾಚ್, ಎಕ್ಸ್‌ಪೈರಿ, ಮೂರು ಖಾಲಿ ಗೆರಿ. ತುಂಡು ಕತ್ತರಿಸಿದ್ರ ಖಾಕಿ ಕವರಿನ ಮ್ಯಾಲ ಸ್ಟ್ಯಾಂಪ್ ಹೊಡದು, ಪೆನ್ನಿಲೆ ತುಂಬಿ, ಅದ್ರಾಗ ಹಾಕಿ ಕೊಡೋದು. ಹುಡುಗ ಗೊಣಗ್ತಾನ, ಸಂಜಿ ಗದ್ದಲದಾಗ ನಾನೂ ಒಂದೊಂದ್ಸಲ ತಪ್ಪಿಸ್ತೀನಿ. ಆಯಿಗೂ ಮೊದಲ ಕವರು ನಾನೇ ಬರದು ಕೊಟ್ಟಿದ್ದೆ, ಮುಂದಿನ ಸಲ ಇದನ್ನ ತಗೊಂಡ್ ಬಾ ಅಂತ ಎರಡು ಸಲ ಹೇಳಿ.

ಮೊನ್ನಿ ಬಂದಿದ್ಳು. ಕವರು ತಂದಿದ್ಳು, ಮಡಿಕಿ ಮಡಿಕಿ ಮಾಡಿ ಜತನ ಮಾಡಿ ಇಟ್ಟಿದ್ಳು. ಖುಷಿ ಆಗಿ ಬಿಚ್ಚಿದ್ರ ಒಳಗ ಆಧಾರ್ ಕಾರ್ಡು, ಬಸ್ಸಿನಾಗ ತೋರ್ಸಲಾಕ ಬೇಕಲ್ಲ. ಗುಳಗಿ ಚೂರು ಎಲ್ಲೈತಿ ಅಂದೆ. ಸೆರಗಿನ ಗಂಟಿಗಿ ಕೈ ಹಾಕಿದ್ಳು.