ಹೊಸ ವೆಲ್ಡಿಂಗ್ ಜನರೇಟರ್: ಮೊದಲ 50 ಗಂಟೆ ಹೇಗೆ ದುಡಿಸಬೇಕು

ಹೊಸ ವೆಲ್ಡಿಂಗ್ ಜನರೇಟರನ್ನು (ವೆಲ್ಡಿಂಗಿಗೂ ಸಾಕೆಟ್ಟಿಗೂ ಕರೆಂಟ್ ಕೊಡುವ ಇಂಜಿನ್ ಮೆಷಿನ್) ಹಲವರು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಾರೆ. ಮೊದಲ ವಾರ ವೆಲ್ಡಿಂಗ್ ರಾಡ್ ಹಚ್ಚುವುದೇ ಇಲ್ಲ. "ಇಂಜಿನ್ ಸೆಟ್ ಆಗಲಿ" ಎಂದು ದಿನಕ್ಕೆ ಎರಡು ಗಂಟೆ ಖಾಲಿ ಓಡಿಸುತ್ತಾರೆ. ಇಂಜಿನ್ ಕೆಡುವುದು ಅಲ್ಲೇ.

ಹೊಸ ಸಿಲಿಂಡರಿನ ಒಳಗೋಡೆ ನುಣುಪಾಗಿರುವುದಿಲ್ಲ. ಅದರ ಮೇಲೆ ಅಡ್ಡಡ್ಡ ಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಹಾಕಿರುತ್ತಾರೆ. ಪಿಸ್ಟನ್ ರಿಂಗ್ ಆ ಗೀರುಗಳ ತುದಿ ಸವೆಸಿಕೊಂಡು ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಬಿಗಿತ ಮಾತ್ರವಲ್ಲ. ಉರಿಯುವ ಅನಿಲ ರಿಂಗಿನ ಹಿಂದಕ್ಕೆ ನುಗ್ಗಿ ಕೊಡುವ ಒತ್ತಡವೇ ಮುಖ್ಯ. ಲೋಡ್ ಇಲ್ಲದಿದ್ದರೆ ಆ ಒತ್ತಡ ಕಡಿಮೆ. ಆಗ ಆಯಿಲ್ ಗೋಡೆಯ ಮೇಲೇ ಉಳಿದು, ಅರೆಬೆಂದು, ಗಾಜಿನಂಥ ಪದರವಾಗಿ ಕೂರುತ್ತದೆ. ಗೀರು ಮುಚ್ಚಿದ ಮೇಲೆ ರಿಂಗ್ ಕೂರುವ ಅವಕಾಶ ಮುಗಿಯಿತು. ಅಂಥ ಇಂಜಿನ್ ಮುಂದೆಯೂ ಆಯಿಲ್ ಕುಡಿಯುತ್ತಲೇ ಇರುತ್ತದೆ, ನೀಲಿ ಹೊಗೆ ಬಿಡುತ್ತದೆ. ಬಿಚ್ಚಿ ಸಿಲಿಂಡರ್ ಹೋನಿಂಗ್ ಮಾಡಿಸದೆ, ಅಂದರೆ ಗೀರುಗಳನ್ನು ಮತ್ತೆ ಹಾಕಿಸದೆ, ಬೇರೆ ದಾರಿಯಿಲ್ಲ.

ಇಲ್ಲಿ ಕೊಡುವ ಅಂಕಿಗಳು ಹೋಂಡಾ ಜಿಎಕ್ಸ್390 ಪೆಟ್ರೋಲ್ ಇಂಜಿನ್ನಿನವು. 389 ಸಿಸಿಯ ಈ ಇಂಜಿನ್ ಮತ್ತು ಅದರ ಅಚ್ಚಿನಲ್ಲೇ ತಯಾರಾದ ಇಂಜಿನ್‌ಗಳು 200 ಆಂಪಿಯರ್ ಆಸುಪಾಸಿನ ಬಹಳಷ್ಟು ಮೆಷಿನ್‌ಗಳಲ್ಲಿ ಕೂತಿವೆ. ನಿಮ್ಮದು ಬೇರೆಯಾಗಿದ್ದರೆ ಅದರ ಕೈಪಿಡಿಯ ಅಂಕಿ ಹಿಡಿಯಿರಿ, ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಆಯಿಲ್. ಇಂಥ ಮೆಷಿನ್ ಸಾಮಾನ್ಯವಾಗಿ ಆಯಿಲ್ ಇಲ್ಲದೆಯೇ ಪೆಟ್ಟಿಗೆಯಲ್ಲಿ ಬರುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು 10ಡಬ್ಲ್ಯು-30 ಆಯಿಲ್ 1.1 ಲೀಟರ್ ಹಾಕಿ. ಮಟ್ಟ ನೋಡುವಾಗ ಕಡ್ಡಿಯನ್ನು ತಿರುಗಿಸಿ ಬಿಗಿಯಬೇಡಿ, ಸುಮ್ಮನೆ ಒಳಗಿಳಿಸಿ ತೆಗೆದು ನೋಡಿ. ಬಿಗಿದು ನೋಡಿದರೆ ಆಯಿಲ್ ಕಡಿಮೆಯಿದ್ದರೂ ಸಾಕಷ್ಟಿದೆ ಎಂದು ತೋರಿಸುತ್ತದೆ. ಆಯಿಲ್ ಇಳಿದರೆ ತಾನೇ ಆಫ್ ಆಗುವ ಸೆನ್ಸರ್ ಇದೆಯೆಂದು ನೆಚ್ಚಿ ಕೂರುವಂತಿಲ್ಲ. ಮೆಷಿನ್ ಓರೆಯಾಗಿ ನಿಂತಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಮೊದಲ 50 ಗಂಟೆ ದಿನಕ್ಕೆರಡು ಸಲ ಮಟ್ಟ ನೋಡಿ. ರಿಂಗ್ ಕೂರುವವರೆಗೆ ಆಯಿಲ್ ಸ್ವಲ್ಪ ಇಳಿಯುವುದು ಸಹಜ.

ಈಗ ದುಡಿಮೆ. ಮೊದಲ ಸಲ ಸ್ಟಾರ್ಟ್ ಮಾಡುವ ಮೊದಲು ಹೋಲ್ಡರ್ ಕೆಲಸದ ಕಬ್ಬಿಣಕ್ಕೆ ತಾಗಿಲ್ಲವೆಂದು ಖಚಿತ ಮಾಡಿಕೊಳ್ಳಿ. ಚೋಕ್ ಪೂರ್ತಿ ತೆಗೆದ ಮೇಲೆ ಮೂರರಿಂದ ಐದು ನಿಮಿಷ ಖಾಲಿ ಓಡಲಿ, ಅಷ್ಟು ಸಾಕು. ಆಮೇಲೆ ಒಂದು ಗಂಟೆ 2.5 ಎಂಎಂ ರಾಡ್‌ನಲ್ಲಿ 70–80 ಆಂಪಿಯರ್. ಅಲ್ಲಿಂದ 3.15 ಎಂಎಂ 6013 ರಾಡ್‌ನಲ್ಲಿ 100–110. ಹತ್ತು ಗಂಟೆ ದಾಟಿದ ಮೇಲೆ ಆಗಾಗ 140–150ರ ತನಕ ಏರಿಸಿ ಇಳಿಸಿ.

ಈ ಆಂಪಿಯರ್‌ಗಳು ಇಂಜಿನ್ನಿಗೆ ಎಷ್ಟು ಭಾರ ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ರಾಡ್ ವೆಲ್ಡಿಂಗಿನಲ್ಲಿ ಆಂಪಿಯರನ್ನು 0.04ರಿಂದ ಗುಣಿಸಿ 20 ಕೂಡಿಸಿದರೆ ಆರ್ಕಿನ (ರಾಡಿನ ತುದಿಯಲ್ಲಿ ಉರಿಯುವ ಕಿಡಿಯ) ವೋಲ್ಟೇಜ್ ಬರುತ್ತದೆ. 110 ಆಂಪಿಯರಿಗೆ 24.4 ವೋಲ್ಟ್, ಅಂದರೆ ಆರ್ಕಿನಲ್ಲಿ 2.7 ಕಿಲೋವ್ಯಾಟ್. 75 ಆಂಪಿಯರಿಗೆ 1.7 ಕಿಲೋವ್ಯಾಟ್, 180ಕ್ಕೆ ಸುಮಾರು 4.9. ಆಂಪಿಯರ್ ಏರಿದಂತೆ ವೋಲ್ಟೇಜೂ ಏರುವುದರಿಂದ ಕೊನೆಯ ಮೂವತ್ತು ನಲವತ್ತು ಆಂಪಿಯರ್ ಇಂಜಿನ್ನಿಗೆ ಬಹಳ ಭಾರ. ಹೊಸ ಇಂಜಿನ್ನನ್ನು ಆ ತುದಿಯಲ್ಲಿ ಹಿಡಿದು ನಿಲ್ಲಿಸುವುದೂ ಬೇಡ, ತಳದಲ್ಲಿ ಆಡಿಸುವುದೂ ಬೇಡ. ಒಂದೇ ಮಟ್ಟದಲ್ಲಿ ಓಡಿಸದೆ ಲೋಡ್ ಬದಲಿಸುತ್ತಿರುವುದೇ ರಿಂಗಿಗೆ ಒಳ್ಳೆಯದು. ಒಂದು ರಾಡ್ ಸುಟ್ಟು, ಸ್ಲ್ಯಾಗ್ ಕುಟ್ಟಿ, ಮತ್ತೊಂದು ಹಚ್ಚುವ ಮಾಮೂಲಿ ಕೆಲಸದಲ್ಲಿ ಇದು ತಾನಾಗಿ ಆಗುತ್ತದೆ.

ವೆಲ್ಡಿಂಗ್ ಕೆಲಸ ಇಲ್ಲದಿದ್ದರೆ 230 ವೋಲ್ಟ್ ಸಾಕೆಟ್ಟಿಗೆ 2000 ವ್ಯಾಟಿನ ರೂಮ್ ಹೀಟರ್ ಹಾಕಿ, ಒಂದೆರಡು 500 ವ್ಯಾಟ್ ಹ್ಯಾಲೊಜನ್ ದೀಪ ಸೇರಿಸಿ. ನೀರು ಕಾಯಿಸುವ ರಾಡನ್ನು ಬಕೆಟ್ಟಿಗೆ ಇಳಿಸಿ ಲೋಡ್ ಕೊಡುವವರೂ ಇದ್ದಾರೆ. ಸೈಟಿನಲ್ಲಿ ಯಾರಾದರೂ ಆ ಬಕೆಟ್ಟಿಗೆ ಕೈ ಅದ್ದೇ ಅದ್ದುತ್ತಾರೆ, ಬೇಡ.

ನಿಲ್ಲಿಸುವಾಗ ಲೋಡ್ ತೆಗೆದು ಮೂರ್ನಾಲ್ಕು ನಿಮಿಷ ಬಿಟ್ಟು ಆಫ್ ಮಾಡಿ. ಗಾಳಿಯಿಂದ ತಣಿಯುವ ಇಂಜಿನ್ ಇದು. ನಿಂತ ಕೂಡಲೇ ಫ್ಯಾನೂ ನಿಲ್ಲುತ್ತದೆ, ಕಾದ ಹೆಡ್ಡಿನ ಬಿಸಿ ಅಲ್ಲೇ ಉಳಿಯುತ್ತದೆ. ಡ್ಯೂಟಿ ಸೈಕಲ್ಲಿನ ವಿರಾಮಕ್ಕೂ ಇದೇ ಮಾತು. 200 ಆಂಪಿಯರಿಗೆ 60 ಶೇಕಡಾ ಎಂದು ಬರೆದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ವೆಲ್ಡಿಂಗ್, ನಾಲ್ಕು ನಿಮಿಷ ವಿರಾಮ. ಆ ನಾಲ್ಕು ನಿಮಿಷ ಇಂಜಿನ್ ಓಡುತ್ತಲೇ ಇರಬೇಕು, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ವೈಂಡಿಂಗ್ (ತಂತಿಸುರುಳಿ) ತಣಿಸುವುದು ಇಂಜಿನ್ನಿನೊಡನೆ ತಿರುಗುವ ಅದರ ಫ್ಯಾನೇ.

20 ಗಂಟೆಗೆ, ಅಥವಾ ಒಂದು ತಿಂಗಳಿಗೆ, ಯಾವುದು ಮೊದಲೋ ಆಗ, ಮೊದಲ ಆಯಿಲ್ ಬದಲಾವಣೆ. ಇದನ್ನು ತಪ್ಪಿಸಬೇಡಿ. ಈ ಇಂಜಿನ್ನಿನಲ್ಲಿ ಆಯಿಲ್ ಫಿಲ್ಟರ್ ಇಲ್ಲ. ಸವೆದ ಲೋಹದ ಪುಡಿ ಆಯಿಲ್ಲಿನಲ್ಲೇ ಸುತ್ತುತ್ತಿರುತ್ತದೆ. ಇಂಜಿನ್ ಬೆಚ್ಚಗಿರುವಾಗಲೇ ಬಿಳಿ ಡಬ್ಬಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಕುಂಕುಮದಷ್ಟು ನುಣ್ಣನೆಯ ಮಿನುಗು ಕಂಡರೆ ಚಿಂತೆಯಿಲ್ಲ. ಉಗುರಿಗೆ ಸಿಗುವ ಚಕ್ಕೆ ಕಂಡರೆ ಓಡಿಸದೆ ವಾರಂಟಿಗೆ ಕೊಡಿ. ಆಯಿಲ್ ನೀರಾಗಿ ಪೆಟ್ರೋಲ್ ವಾಸನೆ ಬಂದರೆ ಟೆಂಪೋದಲ್ಲಿ ಸಾಗಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿರಲಿಲ್ಲ ಎಂದರ್ಥ. ಕುಲುಕಾಟಕ್ಕೆ ಕಾರ್ಬೊರೇಟರಿನ ಫ್ಲೋಟ್ ನಿಲ್ಲದೆ ಪೆಟ್ರೋಲ್ ಸಿಲಿಂಡರಿಗೆ, ಅಲ್ಲಿಂದ ಆಯಿಲ್ಲಿಗೆ ಇಳಿದಿರುತ್ತದೆ. ಆ ಆಯಿಲ್ಲಿನಲ್ಲಿ ಒಂದು ನಿಮಿಷವೂ ಓಡಿಸಬಾರದು. ಇದಾದ ಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು.

ಏರ್ ಫಿಲ್ಟರಿಗೆ ಕೈಪಿಡಿ 50 ಗಂಟೆ ಹೇಳುತ್ತದೆ. ಗ್ರೈಂಡರ್ ಓಡುವ ಜಾಗದಲ್ಲಿ ಅದು ಏನೇನೂ ಸಾಲದು, ವಾರಕ್ಕೊಮ್ಮೆ ತೆಗೆದು ನೋಡಿ. ಫೋಮನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಹೊಸ ಇಂಜಿನ್ ಆಯಿಲ್ಲಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ಪೇಪರನ್ನು ತಟ್ಟಿ ಧೂಳು ಉದುರಿಸಿ, ಕಪ್ಪಾಗಿದ್ದರೆ ಬದಲಿಸಿ. ಗ್ರೈಂಡರಿನ ಪುಡಿ ಬರಿಯ ಧೂಳಲ್ಲ, ಕಬ್ಬಿಣ. ಆಲ್ಟರ್ನೇಟರಿನ ಫ್ಯಾನ್ ಅದನ್ನು ಒಳಗೆಳೆದು ವೈಂಡಿಂಗಿನ ಮೇಲೆ ಕೂರಿಸಿದರೆ ಮಳೆಗಾಲದ ತೇವ ಸೇರಿ ಕರೆಂಟ್ ಹರಿಯುವ ದಾರಿಯಾಗುತ್ತದೆ. ಜನರೇಟರ್ ಗಾಳಿ ಬರುವ ದಿಕ್ಕಿಗಿರಲಿ, ಗ್ರೈಂಡಿಂಗ್ ಗಾಳಿ ಹೋಗುವ ದಿಕ್ಕಿಗಿರಲಿ. ಕಂಪ್ರೆಸರ್ ಗಾಳಿ ಊದುವುದಾದರೆ ಒಣಗಿದ ಗಾಳಿ, ಕಡಿಮೆ ಒತ್ತಡ. ಹೊಲದ ಕೊಳವೆಬಾವಿ ಕೆಲಸಕ್ಕೆ ಹೋಗುವ ಮೆಷಿನ್ನಿನಲ್ಲಿ ಫ್ಯಾನ್ ಕವರಿನ ಒಳಗೆ ಒಣಹುಲ್ಲು ಸಿಕ್ಕಿಕೊಂಡಿರುತ್ತದೆ. ಅದನ್ನೂ ತೆಗೆಯಿರಿ, ಇಲ್ಲದಿದ್ದರೆ ಹೆಡ್ ಕಾಯುತ್ತದೆ.

ಪ್ಲಗ್ ಬಿಪಿಆರ್6ಇಎಸ್, ಗ್ಯಾಪ್ 0.7–0.8 ಎಂಎಂ. ಹೊಸದಾದರೆ ಕೈಯಲ್ಲಿ ಕೂರಿಸಿ ಅರ್ಧ ಸುತ್ತು ಬಿಗಿಯಿರಿ, ಹಳೆಯದಾದರೆ ಕಾಲು ಸುತ್ತಿನೊಳಗೆ. ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು) ಇಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.20 ಎಂಎಂ, 300 ಗಂಟೆಗೊಮ್ಮೆ ನೋಡಬೇಕು. ಬಿಸಿಯಿರುವಾಗ ಸ್ಟಾರ್ಟ್ ಆಗಲು ಸತಾಯಿಸುವ ಇಂಜಿನ್ನಿಗೆ ಕಾರ್ಬೊರೇಟರ್ ಬಿಚ್ಚುವ ಮೊದಲು ಈ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಿ. ಎಕ್ಸಾಸ್ಟ್ ವಾಲ್ವಿನ ಸಂದು ಬಿಗಿಯಾಗಿರುವುದೇ ಎಷ್ಟೋ ಸಲ ಕಾರಣ.

ಇಂಜಿನ್ ಇಪ್ಪತ್ತು ನಿಮಿಷ ಓಡಿ ಸಾಯುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂದಾದರೆ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿರಬಹುದು. ಮುಚ್ಚಳ ತೆಗೆದಾಗ ಉಸ್ಸೆಂದರೆ ಅದೇ. ಉಯ್ಯಾಲೆಯಂತೆ ಸ್ಪೀಡ್ ಏರುತ್ತ ಇಳಿಯುತ್ತಿದ್ದರೆ ಕಾರ್ಬೊರೇಟರಿನ ಪೈಲಟ್ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಸ ಅಥವಾ ಅಂಟು. ಸ್ಪೀಡ್ ಹಿಡಿದಿಡುವ ಗವರ್ನರಿನ ಸ್ಪ್ರಿಂಗ್ ಎಳೆದು ಇದನ್ನು ಸರಿಮಾಡಲು ಹೋಗಬೇಡಿ. 50 ಹರ್ಟ್ಜ್ ಎಂದರೆ ಎರಡು ಪೋಲ್ ಮೆಷಿನ್ನಿಗೆ ನಿಮಿಷಕ್ಕೆ 3000 ಸುತ್ತು. ಸ್ಪೀಡ್ ಕೆಡಿಸಿದರೆ ಸಾಕೆಟ್ಟಿನ ವೋಲ್ಟೇಜೂ ಕೆಡುತ್ತದೆ. ಬೆಂಗಳೂರಿನಲ್ಲಿ ಮೆಷಿನ್ ಮಂಗಳೂರಿನಷ್ಟು ಎಳೆಯುವುದಿಲ್ಲ ಎಂಬ ದೂರು ಮೆಷಿನ್ನಿನದಲ್ಲ. ಎತ್ತರ 300 ಮೀಟರ್ ಏರಿದಂತೆ ಇಂಜಿನ್ನಿನ ಶಕ್ತಿ ಸುಮಾರು 3.5 ಶೇಕಡಾ ಇಳಿಯುತ್ತದೆ. ಬೆಂಗಳೂರಿಗೆ ಬರುವಾಗ ಹತ್ತರಲ್ಲೊಂದು ಪಾಲು ಹೋಗಿರುತ್ತದೆ.

ಇಂಜಿನ್ ಚೆನ್ನಾಗಿ ಓಡುತ್ತಿದೆ, ಆರ್ಕೂ ಇಲ್ಲ ಸಾಕೆಟ್ಟಿನಲ್ಲಿ ಕರೆಂಟೂ ಇಲ್ಲ ಎಂದರೆ ಮೊದಲು ಬ್ರೇಕರ್, ಆಮೇಲೆ ಕಾರ್ಬನ್ ಬ್ರಷ್. ತಿಂಗಳುಗಟ್ಟಲೆ ನಿಂತ ಮೆಷಿನ್ನಿನಲ್ಲಿ ಬ್ರಷ್ ಹೋಲ್ಡರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸ್ಲಿಪ್ ರಿಂಗ್ ಮೇಲೆ ಕಿಲುಬು ಕಟ್ಟುತ್ತದೆ, ಕೆಲವೊಮ್ಮೆ ರೋಟರಿನಲ್ಲಿ ಉಳಿದಿದ್ದ ಚೂರು ಕಾಂತಶಕ್ತಿಯೇ ಹೋಗಿರುತ್ತದೆ. 12 ವೋಲ್ಟ್ ಬ್ಯಾಟರಿ ಕೊಟ್ಟು ಅದನ್ನು ಎಬ್ಬಿಸಬಹುದು. ಆದರೆ ಧ್ರುವ ಅದಲುಬದಲಾದರೆ ರೆಗ್ಯುಲೇಟರ್ ಸುಟ್ಟೀತು, ತಿಳಿದವರ ಕೈಯಲ್ಲೇ ಮಾಡಿಸಿ. ಆರ್ಕ್ ಹೊತ್ತಿರುವಾಗ ಆಂಪಿಯರ್ ರೇಂಜ್ ಸ್ವಿಚ್ ತಿರುಗಿಸುವ ಚಟವಿದ್ದರೆ ಬಿಡಿ, ಒಳಗಿನ ಕಾಂಟ್ಯಾಕ್ಟ್ ಕರಗುತ್ತದೆ.

ಜೀವಕ್ಕೆ ಸಂಬಂಧಿಸಿದ ಮೂರು ವಿಷಯಗಳಿವೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಶಟರ್ ಅರ್ಧ ತೆರೆದ ಅಂಗಡಿ, ಬೇಸ್‌ಮೆಂಟ್, ಸಂಪಿನ ಗುಂಡಿ, ಮಳೆಗೆಂದು ಸುತ್ತ ಟಾರ್ಪಾಲ್ ಕಟ್ಟಿದ ಜಾಗ, ಇವೆಲ್ಲ ಒಂದೇ. ಮೆಷಿನ್ ಹೊರಗಿಡಿ, ಗೋಡೆಯಿಂದ ಕನಿಷ್ಠ ಒಂದು ಮೀಟರ್ ದೂರ, ಮಳೆಗೆ ಮೇಲೆ ಮಾತ್ರ ಹೊದಿಕೆ. ತಲೆಸುತ್ತು, ತಲೆನೋವು ಬಂದರೆ ಕೂಡಲೇ ಬಯಲಿಗೆ ಬನ್ನಿ. ಎರಡನೆಯದು, ಜನರೇಟರಿನ ವೈರನ್ನು ಮನೆಯ ಗೋಡೆ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡುವುದು. ಆ ಕರೆಂಟ್ ಟ್ರಾನ್ಸ್‌ಫಾರ್ಮರಿನಲ್ಲಿ ತಿರುವುಮುರುವಾಗಿ ಹಾಯ್ದು ಹೈಟೆನ್ಷನ್ ಆಗಿ ಕಂಬದ ಮೇಲಿನ ಲೈನ್‌ಮನ್‌ಗೆ ಹೊಡೆಯುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಈ ಕೆಲಸ ಇಲ್ಲವೇ ಇಲ್ಲ. ಮೂರನೆಯದು, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸಣ್ಣ ಜನರೇಟರುಗಳಲ್ಲಿ ಬಹಳಷ್ಟರ ನ್ಯೂಟ್ರಲ್ ಚಾಸಿಗೆ (ಮೆಷಿನ್ನಿನ ಲೋಹದ ಚೌಕಟ್ಟಿಗೆ) ಸೇರಿರುವುದಿಲ್ಲ. ಹಾಗಿದ್ದಾಗ ಆರ್‌ಸಿಸಿಬಿ ಹಾಕಿದರೂ ಅದು ನಂಬಿದ ರೀತಿಯಲ್ಲಿ ಟ್ರಿಪ್ ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಕೈಲಿ ನ್ಯೂಟ್ರಲ್, ಚಾಸಿ, ಅರ್ತ್ ಮೂರನ್ನೂ ನೋಡಿಸಿ.

ಡೀಸೆಲ್ ಮೆಷಿನ್ನಿಗೆ ಖಾಲಿ ಓಟ ಇನ್ನೂ ಕೆಟ್ಟದ್ದು. ಪೂರ್ತಿ ಉರಿಯದ ಡೀಸೆಲ್ ಮತ್ತು ಆಯಿಲ್ ಸೇರಿ ಸೈಲೆನ್ಸರ್ ಜಾಯಿಂಟಿನಲ್ಲಿ ಕಪ್ಪಗೆ ಜಿನುಗುತ್ತದೆ. ಕಂಡ ಕೂಡಲೇ ಲೋಡನ್ನು ಹಂತಹಂತವಾಗಿ ಮುಕ್ಕಾಲಿಗೆ ಏರಿಸಿ ಒಂದೆರಡು ಗಂಟೆ ದುಡಿಸಿದರೆ ಸಾಮಾನ್ಯವಾಗಿ ಒಣಗುತ್ತದೆ.

ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಬೌಲಿನ ಬೋಲ್ಟ್ ಸಡಿಲಿಸಿ ಉಳಿದದ್ದನ್ನೂ ಇಳಿಸಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ, ಹೆಚ್ಚಾದರೆ ನೀರಿನೊಡನೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಹಳೆಯ ಮೆಷಿನ್ನಾದರೆ ರಬ್ಬರ್ ಪೈಪ್ ಮೆತ್ತಗಾಗಿದೆಯೇ ಎಂದೂ ಒತ್ತಿ ನೋಡಿ. ಮೆಷಿನ್ ಆಗಾಗ ಬೇಕಾಗುವುದಾದರೆ ಖಾಲಿ ಮಾಡುವ ಬದಲು ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ. ಬರಿದೇ ಅಲ್ಲ, ನಾಲ್ಕು ರಾಡ್ ಸುಟ್ಟು.