‘ಹರಡಿತು’ ಅಂತ ಬರೆಯುವ ಮುಂಚೆ

ಇತಿಹಾಸದ ಪಠ್ಯ ಬರೆಯುವುದು ನನ್ನ ಕೆಲಸ. ಒಂದು ಸಲ ನನ್ನ ಪಾಲಿಗೆ ಬಂದದ್ದು ಆಧುನಿಕ ಕಾಲದ ಕ್ರೈಸ್ತ ಧರ್ಮದ ಅಧ್ಯಾಯ. ಹದಿನೆಂಟನೇ ಶತಮಾನದ ಕೊನೆಯಿಂದ ಇವತ್ತಿನವರೆಗೆ, ಇಡೀ ಜಗತ್ತಿನ ಕಥೆ, ಹನ್ನೆರಡೇ ಪುಟದಲ್ಲಿ. ಕಷ್ಟಪಟ್ಟು ಓದಿ ಬರೆದು ಕೊಟ್ಟೆ. ನಮ್ಮ ಹಿರಿಯ ಸಂಪಾದಕಿ ಇಸವಿಗಳನ್ನೆಲ್ಲ ನೋಡಿದರು, ಸರಿಯಾಗಿದ್ದವು. ಆಮೇಲೆ ಪೆನ್ಸಿಲ್ ತಗೊಂಡು ಪ್ರತಿ ವಾಕ್ಯದ ಕರ್ತೃಪದದ ಕೆಳಗೆ ಗೆರೆ ಎಳೆಯುತ್ತಾ ಹೋದರು.

ಮೊದಲ ನಾಲ್ಕು ಪುಟದಲ್ಲಿ ಗೆರೆ ಬಿದ್ದದ್ದೆಲ್ಲ ಯುರೋಪಿನವರ ಮೇಲೆ, ಇಲ್ಲಾ ಅಮೆರಿಕದವರ ಮೇಲೆ. ಉಳಿದ ಕಡೆ ‘ಧರ್ಮ ಹರಡಿತು’, ‘ಚರ್ಚ್ ಬೆಳೆಯಿತು’. ಮೇಡಂ ಕೇಳಿದ್ದು ಇಷ್ಟೇ: “ಹರಡಿತು ಸರಿ, ಹರಡಿದವರು ಯಾರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಓದೋಕೆ ಕೂತೆ.

ಮೊದಲು ಸಿಕ್ಕಿಬಿದ್ದದ್ದು ಕೊರಿಯಾದ ಸಾಲು. ‘ಕೊರಿಯಾಗೆ ಕ್ರೈಸ್ತ ಧರ್ಮವನ್ನು ಪಾಶ್ಚಾತ್ಯ ಮಿಷನರಿಗಳು ತಂದರು’ ಅಂತ ಬರೆದಿದ್ದೆ. ಅದು ಬರೀ ಅರೆಬರೆ ಅಲ್ಲ, ತಪ್ಪು. ಅಲ್ಲಿನ ವಿದ್ವಾಂಸರು ಚೀನಾದಿಂದ ಬಂದ ಕ್ಯಾಥೊಲಿಕ್ ಪುಸ್ತಕಗಳನ್ನು ತಾವೇ ಓದಿ, ತಮ್ಮಲ್ಲೇ ಚರ್ಚೆ ಮಾಡುತ್ತಿದ್ದರು. ಅವರಲ್ಲಿ ಯಿ ಸುಂಗ್‌ಹುನ್ ಅನ್ನುವವರು ರಾಜತಾಂತ್ರಿಕ ತಂಡದ ಜೊತೆ ಬೀಜಿಂಗ್‌ಗೆ ಹೋಗಿ, 1784ರಲ್ಲಿ ಅಲ್ಲಿ ದೀಕ್ಷಾಸ್ನಾನ ಪಡೆದು, ಊರಿಗೆ ಬಂದು ಗೆಳೆಯರಿಗೂ ಕೊಟ್ಟರು. ಪಾದ್ರಿಯೇ ಇಲ್ಲದೆ ಒಂದು ಕ್ರೈಸ್ತ ಸಮುದಾಯ ಶುರುವಾಯಿತು. ಸುಮಾರು ಹತ್ತು ವರ್ಷದ ನಂತರ ಬಂದ ಮೊದಲ ಪಾದ್ರಿ ಚೀನಾದವರು, ಝೌ ವೆನ್‌ಮೋ. ಫ್ರಾನ್ಸಿನ ಪಾದ್ರಿ ಕಾಲಿಟ್ಟದ್ದು 1836ರಲ್ಲಿ. ಅಂದರೆ ಐವತ್ತು ವರ್ಷಕ್ಕೂ ಜಾಸ್ತಿ ಕಾಲವನ್ನು ನನ್ನ ಒಂದೇ ವಾಕ್ಯ ನುಂಗಿ ಹಾಕಿತ್ತು.

ಜಪಾನಿನದು ಇದಕ್ಕಿಂತ ಹಳೆಯ ಬೇರು. 1614ರಲ್ಲಿ ನಿಷೇಧ ಬಂದ ಮೇಲೂ ರೈತರು, ಮೀನುಗಾರರು ಮನೆಯೊಳಗೆ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. 1865ರಲ್ಲಿ ನಾಗಸಾಕಿಯ ಹೊಸ ಚರ್ಚಿಗೆ ಬಂದು ಫ್ರೆಂಚ್ ಪಾದ್ರಿಗೆ ತಮ್ಮ ಗುರುತು ಹೇಳಿಕೊಂಡದ್ದು ಅವರೇ. ನನ್ನ ಕರಡಿನಲ್ಲಿ ‘ಪಾದ್ರಿ ಅವರನ್ನು ಪತ್ತೆಹಚ್ಚಿದರು’ ಅಂತ ಇತ್ತು! ಯಾರು ಯಾರನ್ನು ಹುಡುಕಿಕೊಂಡು ಬಂದದ್ದು ಅನ್ನುವುದೇ ತಲೆಕೆಳಗಾಗಿತ್ತು ನೋಡಿ.

ನನ್ನನ್ನು ಜಾಸ್ತಿ ಕಾಡಿದ್ದು ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಅವರ ಬದುಕು. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಬಗ್ಗೆ ‘ಮಿಷನರಿಗಳು ಯೊರುಬಾ ಭಾಷೆಗೆ ಬೈಬಲ್ ಅನುವಾದಿಸಿದರು’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಕೆಲಸದ ಬೆನ್ನೆಲುಬಾಗಿದ್ದವರು ಯೊರುಬಾ ಜನರಲ್ಲೇ ಹುಟ್ಟಿದ ಈ ಮನುಷ್ಯ. 1821ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಹಿಡಿದು ಗುಲಾಮನಾಗಿ ಮಾರಿದರು. ಮರುವರ್ಷ ಬ್ರಿಟಿಷ್ ನೌಕಾಪಡೆ ಅವರನ್ನು ಸಾಗಿಸುತ್ತಿದ್ದ ಹಡಗನ್ನು ತಡೆದು ಬಿಡಿಸಿತು. ಸಿಯೆರಾ ಲಿಯೋನ್‌ನಲ್ಲಿ ಓದಿ, ಪಾದ್ರಿಯಾಗಿ, 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದರು. ಆದರೆ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನಿಂದ ಬಂದ ಎಳೆಯ ಮಿಷನರಿಗಳು ನೈಜರ್ ನದಿ ಪ್ರದೇಶದಲ್ಲಿ ಅವರ ಕೈಕೆಳಗಿದ್ದ ಆಫ್ರಿಕನ್ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ತೆಗೆದುಹಾಕಿದರು. ಮುಪ್ಪಿನಲ್ಲಿ ಅವರ ಅಧಿಕಾರವೂ ಹೋಯಿತು. 1891ರಲ್ಲಿ ತೀರಿಕೊಂಡರು, ಆ ಜಾಗಕ್ಕೆ ಯುರೋಪಿನ ಬಿಷಪ್ ಬಂದರು. ಬದುಕಿದ್ದಾಗ ಅವರ ಕೈಯಿಂದ ಅಧಿಕಾರ ಕಿತ್ತುಕೊಂಡರು, ನಾನು ಕರಡಿನಲ್ಲಿ ಅವರ ಹೆಸರನ್ನೂ ಬಿಟ್ಟಿದ್ದೆ. ಇದು ನನಗೆ ನಿಜವಾಗಲೂ ನೋವು ಕೊಟ್ಟಿತು.

ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲೂ ಹೀಗೇ. ಲೈಬೀರಿಯಾದ ವಿಲಿಯಂ ವೇಡ್ ಹ್ಯಾರಿಸ್ ಬಿಳಿ ನಿಲುವಂಗಿ ತೊಟ್ಟು, ಶಿಲುಬೆಯ ಕೋಲು ಹಿಡಿದು, 1913ರಲ್ಲಿ ಐವರಿ ಕೋಸ್ಟ್‌ಗೆ ನಡೆದುಕೊಂಡು ಹೋದರು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಲಕ್ಷದಷ್ಟು ಜನ ಅವರಿಂದ ದೀಕ್ಷಾಸ್ನಾನ ಪಡೆದರು ಎನ್ನುತ್ತಾರೆ. ಫ್ರೆಂಚ್ ಆಡಳಿತ ಅವರನ್ನು ಗಡಿ ದಾಟಿಸಿತು. 1924ರಲ್ಲಿ ಮೆಥೊಡಿಸ್ಟ್ ಮಿಷನರಿಗಳು ಬಂದು ನೋಡಿದರೆ, ಸಾವಿರಾರು ಜನ ಅದಾಗಲೇ ಕಾಯುತ್ತಿದ್ದರು.

ಹಾಗಂತ ಮಿಷನರಿಗಳನ್ನು ಪಠ್ಯದಿಂದ ಅಳಿಸುವುದೂ ಸರಿಯಲ್ಲ. ಎರಡನೇ ಕರಡಿನಲ್ಲಿ ನಾನು ಆ ಕಡೆಗೆ ವಾಲಿದ್ದೆ, ಅದನ್ನೂ ಮೇಡಂ ತಿದ್ದಿದರು. ಚೀನಾದಲ್ಲಿ 1858ರ ಟಿಯಾಂಜಿನ್ ಒಪ್ಪಂದಗಳು ಯುದ್ಧನೌಕೆಗಳ ಬಲದ ಮೇಲೆ ಮಿಷನರಿಗಳಿಗೆ ಬಾಗಿಲು ತೆರೆದವು. ಅಲ್ಲಿ ಸುಮ್ನೆ ‘ಬಾಗಿಲು ತೆರೆಯಿತು’ ಅಂತ ಬರೆದರೆ ಒತ್ತಾಯ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ, ಅಲ್ವಾ? ಕರ್ತೃಪದ ಹುಡುಕುವುದು ಹೊಗಳೋಕೆ ಮಾತ್ರ ಅಲ್ಲ, ಹೊಣೆ ಯಾರದ್ದು ಅಂತ ಹೇಳೋಕೂ ಬೇಕು.

ಅಂಕಿಗಳನ್ನೂ ಹೊಸದಾಗಿ ಜೋಡಿಸಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 1910ರಲ್ಲಿ ಜಗತ್ತಿನ ಕ್ರೈಸ್ತರಲ್ಲಿ ಸುಮಾರು ಶೇ. 66 ಜನ ಯುರೋಪಿನಲ್ಲಿದ್ದರು, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಶೇ. 2ಕ್ಕಿಂತ ಕಡಿಮೆ. 2010ರ ಹೊತ್ತಿಗೆ ಯುರೋಪಿನ ಪಾಲು ಶೇ. 26ಕ್ಕೆ ಇಳಿದಿತ್ತು, ಆ ಆಫ್ರಿಕಾದ ಪಾಲು ಶೇ. 24ಕ್ಕೆ ಏರಿತ್ತು. ಮೊದಲ ಕರಡಿನಲ್ಲೂ ಇವೇ ಅಂಕಿಗಳಿದ್ದವು, ಆದರೆ ಆಕಾಶದಿಂದ ಬಿದ್ದ ಹಾಗೆ ಇದ್ದವು. ಹ್ಯಾರಿಸ್, ಕ್ರೌದರ್ ಬಂದ ಮೇಲೆ ಓದುವವರಿಗೆ ಅವುಗಳ ಹಿಂದಿನ ಮುಖ ಕಾಣುತ್ತದೆ.

ಈಗ ಅಧ್ಯಾಯ ಶುರುವಾಗುವುದು 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಿಂದ. ಬಂದಿದ್ದ ಪ್ರತಿನಿಧಿಗಳು ಸುಮಾರು 1,200, ಅವರಲ್ಲಿ ಏಷ್ಯಾದವರು ಇಪ್ಪತ್ತೂ ಇಲ್ಲ. ಆ ಕೆಲವರಲ್ಲಿ ಒಬ್ಬರಾದ ಭಾರತದ ವಿ. ಎಸ್. ಅಜರಯ್ಯ ಎದ್ದು ನಿಂತು ಮಿಷನರಿಗಳನ್ನು ಕೇಳಿದ್ದು ಸ್ನೇಹವನ್ನು: “ನಮಗೆ ಗೆಳೆಯರನ್ನು ಕೊಡಿ.” ಪಕ್ಕದ ಪುಟದ ನಕ್ಷೆಯಲ್ಲಿ ಮೊದಲು ಬಾಣಗಳೆಲ್ಲ ಯುರೋಪಿನಿಂದ, ಅಮೆರಿಕದಿಂದ ಹೊರಡುತ್ತಿದ್ದವು. ಈಗ ಬೀಜಿಂಗ್‌ನಿಂದ ಕೊರಿಯಾಗೆ ಒಂದು, ಸಿಯೆರಾ ಲಿಯೋನ್‌ನಿಂದ ನೈಜರ್ ನದಿಯ ಕಡೆಗೆ ಒಂದು, ಲೈಬೀರಿಯಾದಿಂದ ಐವರಿ ಕೋಸ್ಟ್‌ಗೆ ಒಂದು ಇದೆ, ಪ್ರತಿಯೊಂದರ ಪಕ್ಕ ನಡೆದವರ ಹೆಸರಿದೆ.