ತಾರಾದೇವಿಯ ಎದುರು ಅರ್ಧ ಗಂಟೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ 33ನೇ ಕೋಣೆಗೆ ಹೋದವರು ಶ್ರೀಲಂಕಾದ ತಾರಾದೇವಿಯ ಮುಂದೆ ನಿಲ್ಲದೆ ಮುಂದೆ ಹೋಗುವುದು ಕಷ್ಟ. ಎತ್ತರ 143 ಸೆಂ.ಮೀ., ಕಾಲ ಸುಮಾರು 8ನೇ ಶತಮಾನ, ಕಂಚಿನ ಮೇಲೆ ಚಿನ್ನದ ಲೇಪ. ಕಣ್ಣು ಮೊದಲು ಮುಖಕ್ಕೇ ಹೋಗುತ್ತದೆ, ಆದರೆ ಕೈಗಳಿಂದ ನೋಡಲು ತೊಡಗಿದರೆ ಮೂರ್ತಿ ಬೇಗ ತಿಳಿಯುತ್ತದೆ. ಬಲಗೈ ವರದಮುದ್ರೆಯಲ್ಲಿದೆ, ಅಂದರೆ ವರ ಕೊಡುವ ಭಂಗಿಯಲ್ಲಿ. ಎಡಗೈ ಬೆರಳುಗಳು ಏನನ್ನೋ ಹಿಡಿದಂತೆ ಮಡಿಚಿವೆ, ಬಹುಶಃ ತಾವರೆ. ಈಗ ಅದಿಲ್ಲ. ಕಿರೀಟದ ಮುಂಭಾಗದ ಗೂಡೂ ಬರಿದು.

ಮೇಣದಚ್ಚಿನ ಎರಕ ಇದು: ಮೇಣದ ಬೊಂಬೆಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಸುರಿಯುವುದು. ಒಳಗೆ ಪೊಳ್ಳಿಲ್ಲ. ಈ ಗಾತ್ರಕ್ಕೆ ಇದು ದೊಡ್ಡ ಎದೆಗಾರಿಕೆ. ದಪ್ಪ ಎರಕದಲ್ಲಿ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಲೋಹ ಆಮೇಲೆ ಆರುತ್ತ ಕುಗ್ಗಿದಾಗ ಬಿರುಕೋ ಗುಳಿಯೋ ಬೀಳುತ್ತದೆ. ಮಣ್ಣಿನ ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿಯೆದ್ದು ಗುಳ್ಳೆಗಳಾಗುತ್ತವೆ, ಅಚ್ಚೇ ಸಿಡಿಯಲೂಬಹುದು. ಸುರಿಯುವಾಗ ಲೋಹ ಸಾಲದೆ ಬಂದರೆ ಇನ್ನೂ ಕಷ್ಟ: ಆರಿದ ಮೇಲೆ ಸುರಿದದ್ದು ಹಳೆಯದರೊಡನೆ ಸರಿಯಾಗಿ ಬೆಸೆಯದು. ಅದಕ್ಕೇ ಮೇಣದ ಬೊಂಬೆಯನ್ನು ಮೊದಲು ತೂಗುವುದು. ಕಂಚು ಮೇಣಕ್ಕಿಂತ ಸುಮಾರು 9 ಪಟ್ಟು ಭಾರ. ಸುರಿಯುವ ನಾಳಗಳ ಲೆಕ್ಕ ಬೇರೆ. ಈ ತೂಕದ ಲೆಕ್ಕ ಕನ್ನಡನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಬೆಳ್ಳಿಗೆ ಮೇಣದ 12 ಪಟ್ಟು, ಚಿನ್ನಕ್ಕೆ 16 ಪಟ್ಟು ಎನ್ನುತ್ತದೆ.

ಮೂರ್ತಿ ಸಿಕ್ಕಿದ್ದು ಟ್ರಿಂಕೋಮಲಿ ಮತ್ತು ಬಟ್ಟಿಕಲೋವಾ ನಡುವಿನ ಪೂರ್ವ ಕರಾವಳಿಯಲ್ಲಿ. ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟ ರಾಬರ್ಟ್ ಬ್ರೌನ್‌ರಿಗ್ 1812ರಿಂದ 1820ರವರೆಗೆ ಸಿಲೋನಿನ ಗವರ್ನರ್. 1815ರಲ್ಲಿ ಕ್ಯಾಂಡಿ ರಾಜ್ಯ ಬ್ರಿಟಿಷರ ವಶವಾದದ್ದೂ 1817-18ರ ದಂಗೆಯನ್ನು ಕ್ರೂರವಾಗಿ ಅಡಗಿಸಿದ್ದೂ ಇವನ ಕಾಲದಲ್ಲೇ. 1830ರಲ್ಲಿ ಮೂರ್ತಿ ಮ್ಯೂಸಿಯಮ್ಮಿನ ಲೆಕ್ಕಕ್ಕೆ 'ದಾನ'ವಾಗಿ ಸೇರಿತು. ಗವರ್ನರನ ಕೈ ಸೇರಿದ ವಸ್ತುವಿಗೆ ಈ ಪದ ತೀರಾ ಹಗುರ.

ಬಂದ ಮೇಲೂ ಸುಮಾರು 30 ವರ್ಷ ಜನರ ಕಣ್ಣಿಗೆ ಬೀಳಲಿಲ್ಲ. ಬರಿಯ ಎದೆ, ತೆಳು ಸೊಂಟ, ಮೈಗಂಟಿದ ಉಡುಗೆ ವಿಕ್ಟೋರಿಯಾ ಕಾಲದವರಿಗೆ ಮುಜುಗರ ತಂದವು. ಅಧ್ಯಯನ ಮಾಡುವವರಿಗಷ್ಟೇ ತೋರಿಸುತ್ತಿದ್ದರು. ಭಕ್ತರು ಕೈಮುಗಿದ ದೇವಿಯನ್ನು ಬಚ್ಚಿಟ್ಟದ್ದು ವಿಚಿತ್ರ. ಹೆಸರೂ ಮೊದಲು ತಪ್ಪಿತ್ತು: ಶ್ರೀಲಂಕಾದ ಇನ್ನೊಬ್ಬ ದೇವತೆ ಪತ್ತಿನಿ ದೇವಿ ಎಂದುಕೊಂಡಿದ್ದರು. ತಾರೆ ಮಹಾಯಾನ ಬೌದ್ಧರ ದೇವಿ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವೊಂದು ಅವಳ ಗುಡಿಯನ್ನು ಹೇಳುತ್ತದೆ.

ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವುದು ಇವಳ ಪ್ರತಿಕೃತಿ.